ಶಾಮಿಯಾನದ ಕಮಲಾಕ್ಷಮ್ಮ

ಕಮಲಾಕ್ಷಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿ, ಬಿಳಿ ಬಟ್ಟೆಯನ್ನು ಎದೆಗೆ ಸುತ್ತಿ ಗೂಟಕ್ಕೆ ಕಟ್ಟುತ್ತಿದ್ದಾಗ ಸೊಸೆ ಲೋಹಿತಾಳ ಸೊಂಟದಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅದು ಅವಳದಲ್ಲ, ಅತ್ತೆಯದು.

"ಭುಜ ಬುಡಬ್ಯಾಡ ಕಣಮ್ಮಿ, ವಾಲ್ತದೆ," ಎಂದಳು ಪಕ್ಕದ ಮನೆಯ ಸಣ್ಣಕ್ಕ.

ಲೋಹಿತಾ ಒಂದು ಕೈಯಲ್ಲಿ ಭುಜವನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ಫೋನು ಕಿವಿಗಿಟ್ಟಳು. ಭುಜ ತಣ್ಣಗಿತ್ತು. ನಿನ್ನೆ ಸಂಜೆ ಇದೇ ಭುಜದ ಮೇಲೆ ಮಡಚಿದ ಜಮಖಾನ ಹೊತ್ತು ಗೋದಾಮಿನಿಂದ ಬಂದಿದ್ದರು.

"ಶಾಮಿಯಾನದೋರಾ? ನಾನು ಜಯರಾಮಯ್ಯ. ಟೆಂಪೋ ಎಷ್ಟೊತ್ಗೆ ಬತ್ತದೆ? ನಾಳೆ ಧಾರೆ ಮಡಿಕಂಡು ಇನ್ನೂ ಮನೆ ಮುಂದೆ ಏನೂ ಆಗಿಲ್ಲ."

"ನಮ್ಮತ್ತೆ ತೀರ್ಕೊಂಡ್ರು. ಬೆಳಗಿನ ಜಾವ."

ಟೆಂಪೋ ಪಂಕ್ಚರ್ ಆಗಿದೆ ಎಂದು ಹೇಳುವ ಹಾಗೆಯೇ ಹೇಳಿದೆ ಎಂದು ಅವಳಿಗೇ ಅನ್ನಿಸಿತು.

"ಯಾರು, ಕಮಲಾಕ್ಷಮ್ಮನಾ? ಮೊನ್ನೆ ತಾನೆ ನಮ್ಮಕ್ಕನ ಜೊತೆ ಕುಂತ್ಕಂಡು ಮಾತಾಡವ್ರೆ."

"ಎದೆನೋವು ಅಂದ್ರು. ಮಧುಗಿರಿ ಆಸ್ಪತ್ರೆ ಮುಟ್ಟಲಿಲ್ಲ."

ಜಾರುತ್ತಿದ್ದ ಭುಜವನ್ನು ಮತ್ತೆ ಒತ್ತಿ ಹಿಡಿದು ಲೋಹಿತಾಳೇ ಹೇಳಿದಳು: "ಸಾಯಂಕಾಲಕ್ಕೆ ಸಾಮಾನು ಬರ್ತದೆ. ನಾವು ಲಿಂಗವಂತರು, ನಮ್ಮಲ್ಲಿ ಸೂತಕ ಅಂತ ಇಲ್ಲ."

"ನಿಮಗಿಲ್ದಿದ್ರೂ ನಮಗೈತಲ್ಲಮ್ಮ. ಬ್ಯಾಡ ಬುಡು. ಬ್ಯಾರೆ ಕಡೆ ನೋಡ್ಕತೀವಿ. ತಪ್ ತಿಳ್ಕಬ್ಯಾಡ."

ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ ಅವಳು ಅತ್ತೆಯ ಹಣೆಯ ಮೇಲೆ ಜಾರುತ್ತಿದ್ದ ವಿಭೂತಿಯನ್ನು ಬೆರಳಿನಿಂದ ಸರಿಮಾಡಿದಳು. ಬಾಗಿಲಲ್ಲಿ ಹೆಂಗಸರು ಅಳುತ್ತಿದ್ದರು. ಅವಳಿಗೆ ಅಳು ಬಂದಿರಲಿಲ್ಲ. ಬರಬೇಕಿತ್ತಲ್ಲ ಎಂದು ಕೂಡ ಅನ್ನಿಸಲಿಲ್ಲ.

ಹೊರಗೆ ಅಂಗಳದಲ್ಲಿ ಮುನೀರ್ ಕುರ್ಚಿ ಹಾಕುತ್ತಿದ್ದ. ಶಿರಾದಿಂದ ಬಂದು ಕೊಡಿಗೇನಹಳ್ಳಿಯಲ್ಲೇ ನೆಲೆಸಿದವನು. ಟೆಂಪೋ ಓಡಿಸುವವನೂ ಅವನೇ, ಶಾಮಿಯಾನ ಕಟ್ಟುವವನೂ ಅವನೇ. ಕುರ್ಚಿಯಲ್ಲಿ ಮೊದಲು ಕೂತವನು ಕೊರಟಗೆರೆಯ ರೇಣುಕಪ್ರಸಾದ್, ಕಮಲಾಕ್ಷಮ್ಮನವರ ಅಣ್ಣನ ಮಗ. ಅವನದೂ ಇದೇ ವ್ಯಾಪಾರ, ಇದಕ್ಕಿಂತ ದೊಡ್ಡದು. ದೀಪದ ಕಮಾನು, ಹೂವಿನ ಸ್ಟೇಜು, ಹೊಗೆ ಬಿಡುವ ಯಂತ್ರ, ಎಲ್ಲ ಇಟ್ಟುಕೊಂಡವನು. ಬಂದವರಿಗೆ ಇನ್ನಷ್ಟು ಕುರ್ಚಿ ಬೇಕು ಎಂದು ಲೋಹಿತಾಳ ಗಂಡ ನಾಗಭೂಷಣ್ ಗೋದಾಮಿನ ಬೀಗದ ಕೈಯನ್ನು ಅವನಿಗೇ ಕೊಟ್ಟಿದ್ದ. ಕುರ್ಚಿ ಬಂದ ಮೇಲೂ ಅವನು ಗೋದಾಮಿನಲ್ಲೇ ಇದ್ದ. ಕೊಳಗಗಳನ್ನು ಬೆರಳಿನಿಂದ ಬಡಿದು ನೋಡುವ ಸದ್ದು ಒಳಗೆ ಕೇಳುತ್ತಿತ್ತು.

"ಯಾರ್ದು ಫೋನು?" ಎಂದು ರೇಣುಕಪ್ರಸಾದ್ ಒಳಗೆ ಬಂದು ಕೇಳಿದ.

ಲೋಹಿತಾ ಹೇಳಿದಳು.

"ಅವರ ನಂಬರ್ ಕೊಡು. ನಾನು ಮಾತಾಡ್ತೀನಿ. ಹೋಗೋ ಗಿರಾಕೀನ ಬಿಡೋದು ಯಾಕೆ?"

ಅವಳು ಕೊಟ್ಟಳು. ಕೊಡಬಾರದಿತ್ತು ಎಂದು ಹೊಳೆಯುವಷ್ಟರಲ್ಲಿ ಅವನು ಜಗುಲಿ ದಾಟಿ ಮಾತಾಡುತ್ತಿದ್ದ. "ಇಲ್ಲ ಸ್ವಾಮಿ, ನಾವು ಕೊರಟಗೆರೆಯೋರು, ಅವರಿಗೂ ನಮಗೂ ಸಂಬಂಧ ಇಲ್ಲ."

*

ಮದುವೆಯಾಗಿ ಬಂದ ಹೊಸತರಲ್ಲಿ ಲೋಹಿತಾ ಒಮ್ಮೆ ಅತ್ತೆಯ ಜೊತೆ ಟೆಂಪೋದಲ್ಲಿ ಹಿಂದೂಪುರದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದಳು. ಮದುವೆ ಮನೆಯ ಮುಂದೆ ಮುನೀರ್ ಮತ್ತು ಆಳುಗಳು ಇಳಿದರು. ಅತ್ತೆ ಇಳಿಯಲಿಲ್ಲ. ಗಾಜು ಅರ್ಧ ಇಳಿಸಿ, ಅಲ್ಲಿಂದಲೇ ಮುನೀರನಿಗೆ ಫೋನು ಮಾಡಿದರು. ಅವನು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದ.

"ಎಡಗಡೆ ಇಳೀತೈತೆ ನೋಡು. ಅಂಗಲ್ಲ, ಹಗ್ಗ ಸಡಿಲ ಬುಡು. ಆಂ, ಅಷ್ಟೇ."

"ಯಾಕತ್ತೆ, ಇಳಿಯಲ್ವಾ?"

"ಇಲ್ಲಿಂದ್ಲೇ ಚೆನ್ನಾಗಿ ಕಾಣ್ತದೆ."

ಕಾರಣ ಆಮೇಲೆ ಸಣ್ಣಕ್ಕನಿಂದ ತಿಳಿಯಿತು. ಮಾವ ಶಂಕರಲಿಂಗಪ್ಪ ತೀರಿಕೊಂಡ ವರ್ಷ, ಎರಡು ಶಾಮಿಯಾನ ಮತ್ತು ಒಂದಿಷ್ಟು ಪಾತ್ರೆಯನ್ನು ಮಾರದೆ ಉಳಿಸಿಕೊಂಡ ಕಮಲಾಕ್ಷಮ್ಮ ಒಂದು ಮದುವೆಗೆ ಹೋಗಿ ಮಂಟಪಕ್ಕೆ ಬಟ್ಟೆ ಹೊದಿಸುತ್ತಿದ್ದರಂತೆ. ಆ ಮನೆಯ ಮುದುಕಿ ಬಂದು, "ನೀನು ಮುಟ್ಟಬ್ಯಾಡ ಕಣವ್ವ, ಮಕ್ಳ ಮದ್ವೆ," ಎಂದು ಮೆಲ್ಲಗೆ ಹೇಳಿತಂತೆ. ಬಯ್ಯಲಿಲ್ಲ. ಕಾಫಿ ಕೂಡ ಕೊಟ್ಟು ಕಳಿಸಿತಂತೆ. ಅಂದಿನಿಂದ ಕಮಲಾಕ್ಷಮ್ಮ ಟೆಂಪೋ ಇಳಿಯುವುದನ್ನು ಬಿಟ್ಟರು. ವ್ಯಾಪಾರ ಬಿಡಲಿಲ್ಲ. ಎಷ್ಟೋ ಊರಿನವರು ಇವತ್ತಿಗೂ ಮುನೀರನನ್ನೇ ಮಾಲೀಕ ಎಂದು ತಿಳಿದಿದ್ದರು. ಊಟದ ಹೊತ್ತಿಗೆ ಯಾರಾದರೂ ಎಲೆಯಲ್ಲಿ ಅನ್ನ ತಂದು ಟೆಂಪೋದ ಕಿಟಕಿಯಲ್ಲಿ ಕೊಡುತ್ತಿದ್ದರು.

"ಇನ್ಮೇಲೆ ನೀನು ಒಳಕ್ಕೋಗು," ಎಂದಿದ್ದರು ಲೋಹಿತಾಳಿಗೆ. "ನಿನಗೆ ಯಾರೂ ಏನೂ ಅನ್ನಲ್ಲ."

ನಿಜ, ಯಾರೂ ಏನೂ ಅನ್ನಲಿಲ್ಲ. ಅರಿಶಿನ ಕುಂಕುಮ ಕೊಟ್ಟು ಕೂರಿಸುತ್ತಿದ್ದರು. ಆಗೆಲ್ಲ ಲೋಹಿತಾ ಟೆಂಪೋದ ಕಡೆ ನೋಡುತ್ತಿರಲಿಲ್ಲ.

*

ಮಧ್ಯಾಹ್ನ ಅಯ್ಯನವರು ಬಂದು ಪೂಜೆಗೆ ಕೂತರು. ಕಮಲಾಕ್ಷಮ್ಮನವರನ್ನು ಕೂರಿಸಿ ಹೊರಲು ಹೂ ಕಟ್ಟಿದ ವಿಮಾನ ಅಂಗಳದಲ್ಲಿ ಸಿದ್ಧವಾಗುತ್ತಿತ್ತು. ಮುನೀರ್ ಹಿತ್ತಿಲ ಬಾಗಿಲಿಗೆ ಬಂದು ಲೋಹಿತಾಳನ್ನು ಕರೆದ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.

"ಅಕ್ಕ, ರೇಣುಕಣ್ಣ ಲೋಡ್ ಮಾಡು ಅಂತವ್ರೆ."

"ಯಾವ ಲೋಡು?"

"ಜಯರಾಮಯ್ಯನೋರ್ದೇ. ಕೊರಟಗೆರೆ ಸಾಮಾನೆಲ್ಲ ಬ್ಯಾರೆ ಮದ್ವೆಗೆ ಹೋಗ್ಬುಟ್ಟೈತಂತೆ. ಇಲ್ಲಿದೇ ತುಂಬ್ಸು, ಕೊರಟಗೆರೆ ಬ್ಯಾನರ್ ಕಟ್ಕೊಂಡು ಹೋಗು ಅಂತಾರೆ." ಅವನು ನೆಲ ನೋಡಿದ. "ನಾನು ಮಾಡ್ಲಾ ಬ್ಯಾಡ್ವಾ?"

ಅದೇ ಕೊಳಗ, ಅದೇ ಬಟ್ಟೆ. ಲೋಹಿತಾಳಿಗೆ ಸಿಟ್ಟು ಬರಲಿಲ್ಲ. ಎಲ್ಲೋ ದೂರದಲ್ಲಿ ಯಾರದೋ ಮನೆಯಲ್ಲಿ ಇದು ನಡೆಯುತ್ತಿದೆ ಎಂಬಂತೆ ಕೇಳಿಸಿಕೊಂಡಳು.

"ಅವ್ರು ಏನಂದ್ರು?" ಎಂದಳು, ಗಂಡನ ಕಡೆ ಕಣ್ಣು ತೋರಿಸಿ.

"ಏನೂ ಅಂದಿಲ್ಲ."

ನಾಗಭೂಷಣ್ ವಿಮಾನದ ಪಕ್ಕ ನಿಂತಿದ್ದ. ಮಧುಗಿರಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಅವನ ಕಿವಿಯ ಹತ್ತಿರ ಬಗ್ಗಿ ರೇಣುಕಪ್ರಸಾದ್ ಹೇಳುತ್ತಿದ್ದುದು ಅವಳಿಗೂ ಕೇಳಿಸಿತು. "ನಿನಗೆ ಕೆಲಸ ಐತೆ. ಲೋಹಿತಾ ಒಬ್ಳು ಎಷ್ಟೂಂತ ಓಡಾಡ್ತಾಳೆ? ಎಲ್ಲ ನಿನ್ನ ಹೆಸರಲ್ಲೇ ಐತಲ್ಲ, ನಮ್ಮ ಜೊತೆ ಸೇರಿಸ್ಬುಡು." ನಾಗಭೂಷಣ್ ತಲೆ ಆಡಿಸಿದ. ಒಪ್ಪಿದನೋ, ಕೇಳಿಸಿಕೊಂಡೆ ಎಂದನೋ ತಿಳಿಯಲಿಲ್ಲ.

*

ಎಲ್ಲ ಅವನ ಹೆಸರಿಗೆ ಬಂದದ್ದು ಹೀಗೆ. ಬಾಡಿಗೆ ಟೆಂಪೋ ಬಿಟ್ಟು ಸ್ವಂತದ್ದು ಕೊಳ್ಳುವಾಗ ಅತ್ತೆಯೂ ಸೊಸೆಯೂ ಮಧುಗಿರಿಯ ಬ್ಯಾಂಕೊಂದಕ್ಕೆ ಹೋಗಿದ್ದರು.

"ಮನೇಲಿ ಗಂಡಸ್ರು ಯಾರಿದ್ದಾರೆ?" ಎಂದು ಮ್ಯಾನೇಜರ್ ಕೇಳಿದ್ದ.

"ನಡೆಸೋಳು ನಾನೇ ಸಾರ್."

"ನಡೆಸಿ ತಾಯಿ, ಬೇಡ ಅಂದೋರ್ಯಾರು? ಲೋನ್ ಅವರ ಹೆಸರಿಗಿರಲಿ."

ನಾಗಭೂಷಣ್ ಆಫೀಸಿನಿಂದ ಪರ್ಮಿಷನ್ ಹಾಕಿ ಬಂದ. ಅವನಿಗೆ ಕುರ್ಚಿ ಕೊಟ್ಟು ಟೀ ತರಿಸಿದರು. ದಿನಕ್ಕೆ ಎಷ್ಟು ಬಾಡಿಗೆ, ಯಾವ ತಿಂಗಳು ಸೀಸನ್ನು ಎಂದು ಅವನನ್ನು ಕೇಳಿದಾಗ ಪ್ರತಿ ಸಲವೂ ಅವನು ತಿರುಗಿ ಅಮ್ಮನ ಮುಖ ನೋಡುತ್ತಿದ್ದ. ಅಮ್ಮ ಗೋಡೆಗೆ ಒರಗಿ ನಿಂತು ಉತ್ತರ ಹೇಳುತ್ತಿದ್ದರು. ಮ್ಯಾನೇಜರ್ ಅವನ ಕಡೆಯೇ ನೋಡುತ್ತ ಬರೆದುಕೊಳ್ಳುತ್ತಿದ್ದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಮಲಾಕ್ಷಮ್ಮ ಕಡಲೆಕಾಯಿ ಸುಲಿಯುತ್ತ ಹೇಳಿದರು: "ಸಹಿ ಅವನ್ದಿರ್ಲಿ ಬುಡು. ಮಳೆ ಗಾಳಿ ಬಂದ್ರೆ ಬಟ್ಟೆ ಬಿಚ್ಚೋಕೆ ಓಡೋರು ನಾವೇ ತಾನೆ." ಸುಲಿದ ಬೀಜವನ್ನೆಲ್ಲ ಸೊಸೆಯ ಕೈಗೆ ಹಾಕಿದರು.

*

ವಿಮಾನ ಎತ್ತುವ ಹೊತ್ತಿಗೆ ಸಣ್ಣಕ್ಕ ಬಂದು, ರಸ್ತೆಯಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದಳು. ಆಟೋದ ಪಕ್ಕ ಬರಿಹಣೆಯ ಹೆಂಗಸೊಬ್ಬರು ನಿಂತಿದ್ದರು. ರಾಮಾಂಜಿನಮ್ಮ, ಜಯರಾಮಯ್ಯನ ಅಕ್ಕ, ಮದುವಣಗಿತ್ತಿಯ ತಾಯಿ. ಮೊನ್ನೆ ಪಾತ್ರೆ ಆರಿಸಲು ಬಂದು, ಆರಿಸಿದ ಮೇಲೂ ಗೋದಾಮಿನಲ್ಲಿ ಕಮಲಾಕ್ಷಮ್ಮನ ಜೊತೆ ಕತ್ತಲಾಗುವವರೆಗೆ ಕೂತು ಹೋಗಿದ್ದವರು.

"ಒಳಕ್ಕೆ ಬರಂಗಿಲ್ಲ ಕಣಮ್ಮ, ನಾಳೆ ಮದ್ವೆ," ಎಂದರು. ದೂರದಿಂದಲೇ ಬಾಗಿಲ ಕಡೆ ಕೈ ಮುಗಿದರು. ಆಮೇಲೆ ಕೇಳಿದರು: "ಕೊರಟಗೆರೆಯಿಂದ ಬತ್ತದೆ ಅಂತಾನೆ ನಮ್ಮ ತಮ್ಮ. ಇಷ್ಟು ಬ್ಯಾಗ ಎಲ್ಲಿಂದ ಬತ್ತದೆ? ದಿಟ ಯೋಳು. ಸಾಮಾನು ಇಲ್ಲಿದೇನಾ?"

ಸುಳ್ಳು ಹೇಳಬಹುದಿತ್ತು. ಹೇಳಲು ಬೇಕಾದ ಕಸುವು ಲೋಹಿತಾಳಲ್ಲಿ ಇರಲಿಲ್ಲ.

"ಹೌದು. ನಮ್ಮತ್ತೇದೇ."

ರಾಮಾಂಜಿನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಅಂಗಾರೆ ಅವರ ಕೈಲಿ ಯಾಕೆ? ನೀನೇ ತಕ್ಕೊಂಬಾ. ನಮ್ಮ ತಮ್ಮಂಗೆ ನಾನು ಯೋಳ್ಕತೀನಿ."

ಆಟೋ ತಿರುಗಿ ಹೋಯಿತು. ಅತ್ತೆಯ ವಿಮಾನ ಅದೇ ರಸ್ತೆಗೆ ಇಳಿಯಿತು.

ಹೊಲದಲ್ಲಿ ಶಂಕರಲಿಂಗಪ್ಪನವರ ಪಕ್ಕದಲ್ಲೇ ಗುಣಿ ತೆಗೆದಿದ್ದರು. ಕಮಲಾಕ್ಷಮ್ಮನವರನ್ನು ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿದರು. ಎಲ್ಲರ ಜೊತೆ ಲೋಹಿತಾಳೂ ಮೂರು ಹಿಡಿ ಮಣ್ಣು ಹಾಕಿದಳು. ಮುನೀರ್ ದೂರ ನಿಂತಿದ್ದವನು ಕೊನೆಯಲ್ಲಿ ಬಂದು ಹಾಕಿದ. ಮಣ್ಣು ಮುಚ್ಚುತ್ತಿದ್ದಾಗ, ಜನರೇಟರಿಗೆ ಡೀಸೆಲ್ ಇದೆಯೋ ಇಲ್ಲವೋ ಎಂಬ ಯೋಚನೆ ಅವಳ ತಲೆಯಲ್ಲಿ ಬಂದು ಕೂತಿತು. ಆ ಯೋಚನೆಯನ್ನು ಓಡಿಸಲು ಆಗಲಿಲ್ಲ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದರೆ ಟೆಂಪೋ ಅರ್ಧ ತುಂಬಿತ್ತು. ರೇಣುಕಪ್ರಸಾದನ ಆಳುಗಳು ಅದರ ಹಿಂದಕ್ಕೆ ಅವನ ಬ್ಯಾನರು ಕಟ್ಟುತ್ತಿದ್ದರು.

"ಅದು ಬಿಚ್ಚಿ," ಎಂದಳು. "ಈ ಲೋಡು ನಾನು ತಗೊಂಡು ಹೋಗ್ತೀನಿ."

ರೇಣುಕಪ್ರಸಾದ್ ಅವಳ ಒದ್ದೆ ಕೂದಲನ್ನು ನೋಡಿದ. "ಈಗ ತಾನೆ ಅತ್ತೇನ ಮಣ್ಣಿಗಿಟ್ಟು ಬಂದಿದೀವಿ. ಜನ ಏನಂತಾರೆ?"

"ಮದ್ವೆ ಮನೆಯೋರೇ ಬಂದು ಹೇಳಿ ಹೋದ್ರು."

"ನೋಡೋ ನಾಗಭೂಷಣ, ಏನ್ ಹೇಳ್ತಾಳೆ ನೋಡು."

ನಾಗಭೂಷಣ್ ಜಗುಲಿಯ ಮೇಲೆ ಕೂತಿದ್ದ. ಉಗುರಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದ. ತಲೆ ಎತ್ತಿದ.

"ಭಾವ, ಬೀಗದ ಕೈ ಅವಳಿಗೆ ಕೊಡು."

"ಇವತ್ತಿಂದಿರ್ಲಿ. ಮುಂದಕ್ಕೆ?"

"ಮುಂದಿಂದೂ ಅವಳನ್ನೇ ಕೇಳು. ನನಗೆ ಅದರಲ್ಲಿ ಏನೂ ಗೊತ್ತಿಲ್ಲ," ಎಂದು ಮತ್ತೆ ಉಗುರಿನ ಕಡೆ ಬಗ್ಗಿದ.

ರೇಣುಕಪ್ರಸಾದ್ ಸಂಜೆಗೆ ಮುಂಚೆಯೇ ಕೊರಟಗೆರೆಗೆ ಹೊರಟುಹೋದ. ಅವನ ಆಳುಗಳೂ ಹೋದರು.

ಮದುವೆ ಮನೆ ಮುಟ್ಟಿದಾಗ ಬಿಸಿಲು ಇಳಿದು ಗಾಳಿ ಎದ್ದಿತ್ತು. ಜಯರಾಮಯ್ಯ ಟೆಂಪೋದೊಳಗೆ ಒಮ್ಮೆ, ಲೋಹಿತಾಳ ಮುಖವನ್ನೊಮ್ಮೆ ನೋಡಿ, "ಕೊರಟಗೆರೆಯೋರು?" ಎಂದರು.

"ಬರಲ್ಲ. ಸಾಮಾನು ನಮ್ಮದೇ," ಎಂದಳು ಲೋಹಿತಾ.

ಅವರು ಅಕ್ಕನಿಗಾಗಿ ಸುತ್ತ ನೋಡಿದರು. ರಾಮಾಂಜಿನಮ್ಮ ಮನೆಯ ಮಗ್ಗುಲಲ್ಲಿ, ಕಟ್ಟಿಗೆ ರಾಶಿಯ ಪಕ್ಕ ನಿಂತಿದ್ದರು. ಅಂಗಳಕ್ಕೆ ಬಂದಿರಲಿಲ್ಲ. ಮೂರು ಜನ ಮುತ್ತೈದೆಯರು ಮೊದಲ ಕಂಬಕ್ಕೆ ಹಚ್ಚಲು ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಜಯರಾಮಯ್ಯ ದಾರಿ ಬಿಟ್ಟು ಒಳಗೆ ಹೋದರು.

ಮುನೀರ್ ಶಾಮಿಯಾನದ ಆ ತುದಿಯಲ್ಲಿ ಹಗ್ಗ ಎಳೆಯುತ್ತಿದ್ದಾಗ ಗಾಳಿ ಒಮ್ಮೆಲೇ ಬಟ್ಟೆಯ ಒಳಗೆ ನುಗ್ಗಿತು. ಲೋಹಿತಾ ನಿಲ್ಲಿಸುತ್ತಿದ್ದ ಕಂಬ ಓಲಾಡಿತು. ಅವಳೊಬ್ಬಳಿಂದ ಹಿಡಿಯಲಾಗಲಿಲ್ಲ. ಬಾಗಿಲಲ್ಲಿದ್ದವರ ಕಡೆ ಅವಳು ನೋಡಲಿಲ್ಲ.

"ಅಮ್ಮ," ಎಂದು ಕಟ್ಟಿಗೆ ರಾಶಿಯ ಕಡೆ ತಿರುಗಿ ಕರೆದಳು. "ಬನ್ನಿ, ಇದನ್ನ ಹಿಡ್ಕಳಿ."

ರಾಮಾಂಜಿನಮ್ಮ ಬಾಗಿಲ ಕಡೆ ನೋಡಿದರು. ಸೀರೆಗೆ ಕೈ ಒರೆಸಿಕೊಂಡು ಅಂಗಳ ದಾಟಿ ಬಂದರು. ಎರಡೂ ತೋಳಿನಿಂದ ಕಂಬವನ್ನು ತಬ್ಬಿ, ಕೆನ್ನೆ ಒತ್ತಿ, ಕಾಲೂರಿ ನಿಂತರು. ಲೋಹಿತಾ ಬಗ್ಗಿ ಹಗ್ಗ ಬಿಗಿಯತೊಡಗಿದಳು. ಮೇಲೆ ಹಳದಿ ಬಟ್ಟೆ ಗಾಳಿ ತುಂಬಿಕೊಂಡು ಉಬ್ಬಿ, ಇಬ್ಬರ ತಲೆಯ ಮೇಲೆ ನಿಧಾನವಾಗಿ ಹರಡಿಕೊಂಡಿತು.