ಗುಂಡಿ ಒಣಗಿತ್ತು, ಹೋದದ್ದೆಲ್ಲ ಎಲ್ಲಿಗೆ?

ಹೊಟ್ಟೆ ಕೆಟ್ಟರೆ ನಾವು ಮೊದಲು ಬೈಯುವುದು ಊಟವನ್ನು. "ರಾತ್ರಿ ತಿಂದದ್ದು ಯಾಕೋ ಆಗಲಿಲ್ಲ" ಅನ್ನುತ್ತೇವೆ. ಕುಡಿದದ್ದು ಏನು ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಟೈಲರಕ್ಕನ ಮನೆಯಲ್ಲೂ ಹಾಗೇ ಆಯಿತು.

ಟೈಲರಕ್ಕ ಮತ್ತು ಅವರ ಗಂಡ ಪೇಟೆ ಬಿಟ್ಟು ಹಳ್ಳಿಯ ಅಂಚಿನಲ್ಲಿ ಒಂದು ಹಳೇ ಮನೆ ಕೊಂಡು ನಾಲ್ಕು ತಿಂಗಳಾಗಿತ್ತು. ಗಂಡ ಕೈಗಡಿಯಾರ ರಿಪೇರಿ ಮಾಡುವವರು. ಅವರು ಬಂದ ವಾರದಲ್ಲೇ ಊರಿನವರು ಗಡಿಯಾರದಣ್ಣ ಅಂತ ಹೆಸರಿಟ್ಟರು. ಇಬ್ಬರಿಗೂ ನಲವತ್ತು ದಾಟಿತ್ತು. ಇಬ್ಬರಿಗೂ ಕೈ ಸುಮ್ಮನಿರುತ್ತಿರಲಿಲ್ಲ. ಗಂಡ ಹೆಂಚು ಸರಿಸಿ ಸೋರಿಕೆ ನಿಲ್ಲಿಸಿದರು. ಹೆಂಡತಿ ಗೋಡೆಗೆ ಸುಣ್ಣ ಬಳಿದರು. ಕಿಟಕಿಯ ಬಾಗಿಲು ಕಿರುಗುಟ್ಟಿದರೂ ಗಡಿಯಾರದಣ್ಣ ಬಿಡುತ್ತಿರಲಿಲ್ಲ. ಎಣ್ಣೆ ಬಿಟ್ಟು, ಕಿವಿಗೊಟ್ಟು ಕೇಳಿ, ಇನ್ನೊಂದು ತೊಟ್ಟು ಬಿಡುತ್ತಿದ್ದರು.

ಮನೆಗಿಂತ ಹೆಚ್ಚಾಗಿ ಅವರನ್ನು ಮರುಳು ಮಾಡಿದ್ದು ಅಂಗಳದ ಬಾವಿ. ಹೂಳು ತೆಗೆಸಿದ ಮೇಲೆ ಕನ್ನಡಿಯಂಥ ನೀರು ಬಂತು. ಬಾಯಿಗಿಟ್ಟರೆ ಸಿಹಿ.

"ಪೇಟೆಯಲ್ಲಿ ಇಂಥ ನೀರು ಕಂಡಿದ್ಯೇನೇ?" ಅಂತ ಗಡಿಯಾರದಣ್ಣ ದಿನಕ್ಕೆರಡು ಸಲ ಹೆಂಡತಿಯನ್ನು ಕೇಳುತ್ತಿದ್ದರು.

ಪಕ್ಕದ ಮನೆಯಲ್ಲಿ ಮೇಕೆ ಅಜ್ಜಿ ಇದ್ದರು. ಮಗ, ಸೊಸೆ, ಎಂಟು ತಿಂಗಳ ಮೊಮ್ಮಗಳು ಪುಟ್ಟಿ, ಹನ್ನೊಂದು ಮೇಕೆ. ಅವರ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಡಿಯಾರದಣ್ಣನೇ ಹೋಗಿ ಕರೆದರು: "ನಮ್ಮ ಬಾವಿ ಇರೋವಾಗ ನೀವ್ಯಾಕೆ ನಲ್ಲಿ ಮುಂದೆ ಕಾಯ್ತೀರಿ? ಬಂದು ಸೇದ್ಕೊಳ್ಳಿ." ಅವತ್ತಿನಿಂದ ಸೊಸೆ ದಿನಾ ಎರಡು ಕೊಡ ಒಯ್ಯುತ್ತಿದ್ದಳು.

ಮೂರನೇ ತಿಂಗಳಲ್ಲಿ ಟೈಲರಕ್ಕನಿಗೆ ಭೇದಿ ಶುರುವಾಯಿತು. ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಹೊಲಿಗೆ ಯಂತ್ರದ ಮುಂದೆ ಕೂತರೆ ಕಣ್ಣು ಕತ್ತಲೆ.

ಪುಟ್ಟಿಯ ತೂಕ ನೋಡಲು ಆರೋಗ್ಯ ಕೇಂದ್ರದ ನರ್ಸಮ್ಮ ಪಕ್ಕದ ಮನೆಗೆ ಬಂದಿದ್ದರು. ಟೈಲರಕ್ಕನ ಮುಖ ನೋಡಿ ಬೇಲಿಯ ಬಳಿಯೇ ನಿಂತರು.

"ಏನಕ್ಕಾ, ಹೀಗೆ ಇಳಿದುಹೋಗಿದ್ದೀರಿ? ಕುಡಿಯೋ ನೀರು ಯಾವುದು?"

ಉತ್ತರ ಕೊಟ್ಟದ್ದು ಗಡಿಯಾರದಣ್ಣ. "ನೀರಿಗೆ ಏನೂ ಆಗಿಲ್ಲಮ್ಮ. ಪೇಟೆ ಹೊಟ್ಟೆ, ಇನ್ನೂ ಹಳ್ಳಿಗೆ ಒಗ್ಗಿಲ್ಲ, ಅಷ್ಟೇ."

"ಕಾಯಿಸಿ ಕುಡೀತೀರಾ?"

"ಇಂಥ ನೀರನ್ನ ಕಾಯಿಸೋದಾ?" ಅವರು ಒಳಗೆ ಹೋಗಿ ಗಾಜಿನ ಲೋಟದಲ್ಲಿ ನೀರು ತಂದರು. ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ ತಂದು, ಅದರಲ್ಲಿ ನೋಡಿದರು. "ಸಾಸಿವೆಗಿಂತ ಸಣ್ಣ ಸ್ಕ್ರೂ ಕಾಣುತ್ತೆ ಇದರಲ್ಲಿ. ನೀರಲ್ಲಿ ಒಂದು ಧೂಳಿಲ್ಲ. ನೀವೇ ನೋಡಿ."

ನರ್ಸಮ್ಮ ನಿಜವಾಗಿಯೂ ನೋಡಿದರು. ಆಮೇಲೆ ನಕ್ಕರು. "ಚೆನ್ನಾಗಿದೆ ಕನ್ನಡಿ. ಆದ್ರೆ ಅಣ್ಣಾ, ಹೊಟ್ಟೆ ಕೆಡಿಸೋ ಕ್ರಿಮಿ ಇದಕ್ಕೂ ಸಿಗಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ." ಚೀಲದಿಂದ ಹೆಬ್ಬೆರಳುದ್ದದ ಬಾಟಲಿಯೊಂದನ್ನು ತೆಗೆದರು. ಒಳಗೆ ಔಷಧಿ ಹಾಕಿದ ಕಾಗದದ ಚೂರಿತ್ತು. "ಗುರುತಿನ ತನಕ ಬಾವಿ ನೀರು ತುಂಬಿ. ಬಿಗಿಯಾಗಿ ಮುಚ್ಚಿ, ಬೆಚ್ಚಗಿರೋ ಜಾಗದಲ್ಲಿ ಎರಡು ದಿನ ಇಡಿ. ಕಪ್ಪಾದ್ರೆ ಆ ನೀರು ಕುಡಿಯೋಕೆ ಬರಲ್ಲ. ಆಮೇಲೆ ಮುಚ್ಚಳ ತೆಗೀಬೇಡಿ, ನನಗೇ ಕೊಡಿ."

ಗಡಿಯಾರದಣ್ಣ ಬಾಟಲಿ ಇಸಿದುಕೊಂಡು ಗೂಡಿನಲ್ಲಿಟ್ಟರು. ಒಂದು ವಾರವಾದರೂ ಅದು ಅಲ್ಲೇ ಖಾಲಿ ಕೂತಿತ್ತು. ಹೆಂಡತಿ ನೆನಪಿಸಿದಾಗಲೆಲ್ಲ "ನಾಳೆ ನೋಡೋಣ ಬಿಡೆ" ಅಂದರು. ಬಾವಿಗೆ ಮೋಟಾರು ಕೂರಿಸುವ ಕೆಲಸದಲ್ಲಿ ಮುಳುಗಿದ್ದರು.

ಎಂಟನೇ ದಿನ ಬೆಳಿಗ್ಗೆ ಸೊಸೆ ನೀರಿಗೆ ಬರಲಿಲ್ಲ. ಪುಟ್ಟಿಗೆ ವಾಂತಿ, ಭೇದಿ. ಕಣ್ಣು ಗುಳಿ ಬಿದ್ದಿದೆ, ಅತ್ತರೆ ಕಣ್ಣೀರೂ ಬರುತ್ತಿಲ್ಲ. ಅವಳೂ ಅವಳ ಗಂಡನೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು.

ಟೈಲರಕ್ಕ ಯಾರನ್ನೂ ಕೇಳಲಿಲ್ಲ. ಗೂಡಿನಿಂದ ಬಾಟಲಿ ತೆಗೆದು ಬಾವಿ ನೀರು ತುಂಬಿದರು. ಅಡುಗೆಮನೆಯ ಒಲೆಯಿಂದ ಸ್ವಲ್ಪ ದೂರದ ಹಲಗೆ ಮೇಲಿಟ್ಟರು.

ಎರಡು ದಿನ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆಯೇ ನೀರು ಕಾಡಿಗೆಯಂತೆ ಕಪ್ಪಾಗಿತ್ತು.

ಗಡಿಯಾರದಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಲ್ಲಿಂದ?" ಅಂದರು. "ಎಲ್ಲಿಂದ ಬಂತು ಇದು?" ನಿಂತ ಗಡಿಯಾರ ಕೈಗೆ ಬಂದಾಗಲೂ ಅವರು ಹೀಗೇ ಕೇಳುತ್ತಿದ್ದರು.

ಸುದ್ದಿ ತಿಳಿದು ನರ್ಸಮ್ಮ ಬಂದರು. ಬಂದವರೇ, "ಶೌಚಾಲಯದ ಗುಂಡಿ ಎಲ್ಲಿದೆ?" ಅಂತ ಕೇಳಿದರು.

"ಮನೆ ಹಿಂದೆ. ಬಾವಿ ಮುಂದೆ. ಮೂವತ್ತು ಹೆಜ್ಜೆ ದೂರ, ಅದೂ ತಗ್ಗಿನ ಕಡೆ. ಅಲ್ಲಿಂದ ಬರೋಕೆ ಸಾಧ್ಯವೇ ಇಲ್ಲ."

"ಒಂದ್ಸಲ ನೋಡೋಣ. ಚಪ್ಪಡಿ ಸರಿಸಿ, ಗಾಳಿ ಆಡೋಕೆ ಬಿಡಿ. ಯಾರೂ ಒಳಗೆ ಇಳಿಯೋದು ಬೇಡ, ಬಗ್ಗಿ ಮುಖ ಹಾಕೋದೂ ಬೇಡ. ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಒಳಗೆ ವಿಷದ ಗಾಳಿ, ಹೊತ್ತಿಕೊಳ್ಳೋ ಗಾಳಿ ಇರುತ್ತೆ."

ಚಪ್ಪಡಿ ಸರಿಸಿದರು. ಕಾದರು. ಆಮೇಲೆ ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಂತು ಬ್ಯಾಟರಿ ಬೆಳಕು ಬಿಟ್ಟರು.

ಗುಂಡಿ ಒಣಗಿತ್ತು. ತಳದಲ್ಲಿ ಒಂದು ಜೇಡರ ಬಲೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರೀ," ಅಂದರು ಟೈಲರಕ್ಕ ಮೆಲ್ಲಗೆ, "ನಾಲ್ಕು ತಿಂಗಳಿಂದ ದಿನಾ ಹೋಗ್ತಾ ಇದ್ದೀವಲ್ಲ... ಅದೆಲ್ಲ ಎಲ್ಲಿಗೆ ಹೋಯ್ತು?"

ಬೇರೆ ದಿನವಾಗಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಯಾರಿಗೂ ನಗು ಬರಲಿಲ್ಲ.

ಟೈಲರಕ್ಕನಿಗೆ ಒಂದು ಉಪಾಯ ಹೊಳೆಯಿತು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಶೌಚಾಲಯಕ್ಕೆ ಸುರಿದರು. ಗುಂಡಿಗೆ ಒಂದು ಹನಿ ಬರಲಿಲ್ಲ. ಇನ್ನೊಂದು ಬಕೆಟ್. ಇಲ್ಲ.

"ಮಧ್ಯದಲ್ಲಿ ಪೈಪುಗಳು ಕೂಡೋ ಚೇಂಬರ್ ಇದೆಯಾ?" ಅಂತ ನರ್ಸಮ್ಮ ಕೇಳಿದರು.

ಇತ್ತು. ಬಚ್ಚಲ ಗೋಡೆಯ ಪಕ್ಕ, ಕಲ್ಲಿನ ಕೆಳಗೆ. ಕೋಲಿನಿಂದ ಮೀಟಿ ತೆಗೆದರು. ಒಳಗೆ ಪೈಪು ಎರಡಾಗಿ ಕವಲೊಡೆದಿತ್ತು. ಎಡಗಡೆಯದು ಹಿಂದಿನ ಗುಂಡಿಯ ಕಡೆಗೆ, ಬಲಗಡೆಯದು ಅಂಗಳದ ಕಡೆಗೆ. ಬಲಗಡೆ ಪೈಪು ಬೆರಳಗಲ ತಗ್ಗಿನಲ್ಲಿತ್ತು. ನೀಲಿಯೆಲ್ಲ ಅತ್ತ ಹರಿದಿತ್ತು.

ಗಡಿಯಾರದಣ್ಣ ಕೋಲಿನಿಂದ ಬಲಗಡೆ ಪೈಪಿನ ಬಾಯಿ ತೋರಿಸಿದರು.

"ಇಲ್ಲಿ ಇಟ್ಟಿಗೆ ಚೂರು ಇತ್ತು, ಮಣ್ಣು ಮೆತ್ತಿ ಅಡ್ಡ ಇಟ್ಟಿದ್ರು," ಅಂದರು. "ಹಳೇ ಕಸ ಕಟ್ಟಿಕೊಂಡಿದೆ ಅಂತ ನಾನೇ ಕೆತ್ತಿ ತೆಗೆದೆ. ಬಂದ ವಾರದಲ್ಲೇ. ಪೈಪು ತೊಳೆದು ಇಟ್ಟೆ."

ಅಷ್ಟರಲ್ಲಿ ಮೇಕೆ ಅಜ್ಜಿ ಬೇಲಿ ದಾಟಿ ಬಂದರು. ಆಸ್ಪತ್ರೆಯಿಂದ ಏನಾದರೂ ಸುದ್ದಿ ಬಂತೇ ಅಂತ ಕೇಳಲು ಬಂದವರು. ಗುಂಪು ನೋಡಿ ನಿಂತರು.

"ಅಜ್ಜಿ, ಈ ಪೈಪು ಎಲ್ಲಿಗೆ ಹೋಗುತ್ತೆ, ಗೊತ್ತಾ?" ನರ್ಸಮ್ಮ ಕೇಳಿದರು.

"ಗೊತ್ತಿಲ್ದೆ ಏನು? ಮೊದಲು ಗುಂಡಿ ಇದ್ದದ್ದೇ ಅಲ್ಲಿ, ಅಂಗಳದಲ್ಲಿ. ಆಗಿನ್ನೂ ಬಾವಿ ಇರ್ಲಿಲ್ಲ. ಬಾವಿ ತೋಡಿದ್ಮೇಲೆ ಇದನ್ನ ಮುಚ್ಚಿ ಹಿಂದೆ ಹೊಸ ಗುಂಡಿ ಮಾಡಿದ್ರು." ಅಜ್ಜಿ ಕೈ ತೋರಿಸಿದ್ದು ಕುಂಬಳದ ಬಳ್ಳಿಯ ಕಡೆಗೆ.

ಟೈಲರಕ್ಕ ಆ ಬಳ್ಳಿಯನ್ನು ಊರವರನ್ನೆಲ್ಲ ಕರೆದು ತೋರಿಸಿದ್ದರು. ಉಳಿದ ಪಾತಿಯ ಗಿಡಗಳೆಲ್ಲ ಗೇಣುದ್ದ ಇದ್ದರೆ, ಅದೊಂದು ಮಾತ್ರ ಬೇಲಿ ಹತ್ತಿ ಕೂತಿತ್ತು. ಯಾಕೆ ಅಂತ ಈಗ ತಿಳಿಯಿತು. ನರ್ಸಮ್ಮ ಅಲ್ಲಿಂದ ಬಾವಿಯ ಕಟ್ಟೆಗೆ ಹೆಜ್ಜೆ ಹಾಕಿ ಎಣಿಸಿದರು. ಒಂಬತ್ತು.

"ಗುಂಡಿಯಿಂದ ಬಾವಿಗೆ ಏನಿಲ್ಲ ಅಂದ್ರೂ ಹದಿನೈದು ಮೀಟರ್ ಬೇಕು. ಇಪ್ಪತ್ತು ದೊಡ್ಡ ಹೆಜ್ಜೆ ಅಂದ್ಕೊಳ್ಳಿ. ಮರಳು ಮಣ್ಣೋ ಬಿರುಕು ಬಂಡೆಯೋ ಆದ್ರೆ ಇನ್ನೂ ದೂರ. ಇದು ಒಂಬತ್ತು ಹೆಜ್ಜೆ, ಅದೂ ಬಾವಿಗಿಂತ ಎತ್ತರದಲ್ಲಿ."

ಅಜ್ಜಿಗೆ ಆಗ ಅರ್ಥವಾಯಿತು. "ಹಾಗಾದ್ರೆ ನಮ್ಮ ಪುಟ್ಟಿಗೆ ಕುಡಿಸಿದ್ದು..." ಅಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆ ಕಡೆ ನಡೆದರು.

ಗಡಿಯಾರದಣ್ಣ ಸೈಕಲ್ ತೆಗೆದರು.

"ಎಲ್ಲಿಗ್ರೀ?"

"ಆಸ್ಪತ್ರೆಗೆ. ನಾನೇ ಹೇಳ್ಬೇಕು."

ಆಸ್ಪತ್ರೆಯ ಹಸಿರು ಗೋಡೆಯ ಉದ್ದನೆಯ ಕೋಣೆಯಲ್ಲಿ ಸೊಸೆ ಮಂಚದ ಅಂಚಿಗೆ ಕೂತಿದ್ದಳು. ಪುಟ್ಟಿಯ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದ್ದರು. ಗಡಿಯಾರದಣ್ಣ ನಿಂತೇ ಎಲ್ಲ ಹೇಳಿದರು. ಗೂಡಿನಲ್ಲಿ ವಾರವಿಡೀ ಖಾಲಿ ಕೂತಿದ್ದ ಪರೀಕ್ಷೆ ಬಾಟಲಿಯ ಸಂಗತಿಯನ್ನೂ ಬಿಡಲಿಲ್ಲ. "ನರ್ಸಮ್ಮ ಹೇಳಿದ ದಿನವೇ ನೋಡಿದ್ರೆ ಇದಾಗ್ತಿರ್ಲಿಲ್ಲ, ತಾಯಿ. ತಪ್ಪು ನಂದು."

ಸೊಸೆ ಮಗುವಿನ ಪಾದ ಹಿಡಿದುಕೊಂಡೇ ಕೇಳಿದಳು.

"ಡಾಕ್ಟರು ಇನ್ನು ಭಯ ಇಲ್ಲ ಅಂದ್ರು," ಅಂದಳು. "ಎದೆಹಾಲು ನಿಲ್ಲಿಸಬೇಡ, ಜೊತೆಗೆ ಓಆರ್‌ಎಸ್ ಕುಡಿಸು ಅಂದ್ರು. ಅದನ್ನೂ ಕಾಯಿಸಿ ಆರಿಸಿದ ನೀರಲ್ಲೇ ಕಲಸು ಅಂದ್ರು." ಆಮೇಲೆ ತಲೆ ಎತ್ತಿದಳು. "ಅಣ್ಣಾ, ಕೋಪ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ನೀವು ಬಂದು ಹೇಳದೇ ಇದ್ದಿದ್ರೆ, ಮನೆಗೆ ಹೋದವಳೇ ಮತ್ತೆ ಅದೇ ನೀರು ಸೇದ್ತಿದ್ದೆ."

ನಾಲ್ಕನೇ ದಿನ ಪುಟ್ಟಿ ಮನೆಗೆ ಬಂದಳು.

ಅಷ್ಟರೊಳಗೆ ಗಡಿಯಾರದಣ್ಣ ಗಾರೆಯವನನ್ನು ಕರೆಸಿ ಬಲಗಡೆ ಪೈಪಿಗೆ ಸಿಮೆಂಟು ಹಾಕಿಸಿ ಮುಚ್ಚಿಸಿದ್ದರು. ಹಿಂದಿನ ಗುಂಡಿಗೆ ನೀರು ಸರಿಯಾಗಿ ಹೋಗುತ್ತಿದೆಯೇ ಅಂತ ಮತ್ತೆ ನೀಲಿ ಸುರಿದು ನೋಡಿದರು. ಹೋಗುತ್ತಿತ್ತು. ಬಾವಿಗೆ ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ನೆಲ, ಚೆಲ್ಲಿದ ನೀರು ದೂರ ಹೋಗಲು ಕಾಲುವೆ ಆದವು. ಬಾವಿಯ ಅಗಲ ಆಳ ಅಳೆದು, ಎಷ್ಟು ಬೇಕೋ ಅಷ್ಟೇ ಬ್ಲೀಚಿಂಗ್ ಪುಡಿಯನ್ನು ನರ್ಸಮ್ಮನೇ ನಿಂತು ಹಾಕಿಸಿದರು. ಕುಡಿಯಲು ಎರಡೂ ಮನೆಯಲ್ಲಿ ಕೊತಕೊತ ಕುದಿಸಿದ ನೀರು.

ಎರಡು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಮತ್ತೆ ಕಪ್ಪು.

"ಎಲ್ಲಾ ಮಾಡಿದ್ವಲ್ಲಮ್ಮಾ!" ಗಡಿಯಾರದಣ್ಣನಿಗೆ ಅಳುವೇ ಬಂತು.

"ನೆಲದೊಳಗೆ ಇಳಿದದ್ದು ಒಂದೇ ದಿನಕ್ಕೆ ಹೋಗಲ್ಲ ಅಣ್ಣಾ. ಕಾಯಬೇಕು, ಮತ್ತೆ ನೋಡಬೇಕು."

ಅವರು ಕಾದರು. ಮೋಟಾರು ಕೂರಿಸುವ ಕೆಲಸವನ್ನು ಪಕ್ಕಕ್ಕಿಟ್ಟರು. ಎರಡು ತಿಂಗಳ ಮೇಲೆ ಇಟ್ಟ ಬಾಟಲಿ ಎರಡು ದಿನವಾದರೂ ಕಪ್ಪಾಗಲಿಲ್ಲ. ನಂಬಿಕೆ ಬರಲಿಲ್ಲ. ವಾರ ಬಿಟ್ಟು ಇನ್ನೊಂದು ಇಟ್ಟರು. ಅದೂ ಆಗಲಿಲ್ಲ.

ಆ ಬಾಟಲಿ ಹಿಡಿದು ಪಕ್ಕದ ಮನೆಗೆ ಹೋದಾಗ ಸೊಸೆ ಅದನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಪುಟ್ಟಿ ಅವಳ ಸೊಂಟದ ಮೇಲೆ ಕೂತು ಬಾಟಲಿಗೆ ಕೈ ಚಾಚುತ್ತಿದ್ದಳು.

"ನಾಳೆಯಿಂದ ಕೊಡ ತರ್ತೀನಿ," ಅಂದಳು. "ಆದ್ರೆ ಅಣ್ಣಾ, ಮೊದಲು ನಮ್ಮನೆ ಗುಂಡಿ ಎಲ್ಲಿದೆ ಅಂತ ನೋಡಿಕೊಡಿ. ನಮ್ಮ ಯಜಮಾನ್ರಿಗೂ ಗೊತ್ತಿಲ್ವಂತೆ, ನಿಮ್ಮ ಗುಂಡಿ ನೆನಪಿರೋ ಅತ್ತೆಗೆ ನಮ್ದೇ ನೆನಪಿಲ್ವಂತೆ."

ಮಧ್ಯಾಹ್ನದೊಳಗೆ ಗಡಿಯಾರದಣ್ಣ, ಟೈಲರಕ್ಕ ಇಬ್ಬರೂ ಅಳತೆ ಟೇಪು ಹಿಡಿದು ಹೊರಟಿದ್ದರು. ಆ ವಾರ ಬೀದಿಯ ಏಳು ಮನೆಯವರು ಕರೆದರು. ಎರಡು ಮನೆಗಳಲ್ಲಿ ಗುಂಡಿ ಬಾವಿಗೆ ತೀರಾ ಹತ್ತಿರವಿತ್ತು. ಆ ಎರಡು ಮನೆಯಲ್ಲೂ ಎಲ್ಲರೂ ಹೇಳಿದ್ದು ಒಂದೇ ಮಾತು: "ನಮ್ಮ ನೀರಿಗೆ ಏನೂ ಆಗಿಲ್ಲ, ಕಣ್ಣೀರಿನ ಹಾಗಿದೆ."

ಈ ಕಥೆ ಓದಿದ ಅಕ್ಕಂದಿರೇ, ಕೇಳಿದ ಅಣ್ಣಂದಿರೇ, ಈಗ ಎದ್ದು ಹೊರಗೆ ಬನ್ನಿ. ನಿಮ್ಮ ಮನೆಯ ಶೌಚಾಲಯದ ಪೈಪು ಯಾವ ಕಡೆ ಹೋಗುತ್ತದೆ, ಗುಂಡಿ ಎಲ್ಲಿದೆ, ಹೇಳಬಲ್ಲಿರಾ? ಬಾವಿಗೋ ಕೈಪಂಪಿಗೋ ಅಲ್ಲಿಂದ ಎಷ್ಟು ಹೆಜ್ಜೆ? ಹಳೇ ಮನೆ ಕೊಂಡಿದ್ದರೆ, ರಿಪೇರಿ ಮಾಡಿಸುತ್ತಿದ್ದರೆ, ಅಡ್ಡ ಸಿಕ್ಕ ಇಟ್ಟಿಗೆ ತೆಗೆಯುವ ಮುಂಚೆ ಅಕ್ಕಪಕ್ಕದ ಹಿರಿಯರನ್ನು ಒಂದು ಮಾತು ಕೇಳಿ. ಗುಂಡಿಯೊಳಗೆ ಮಾತ್ರ ಯಾರೂ ಇಳಿಯಬೇಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ನೀರು ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಚೆನ್ನಾಗಿ ಕುದಿಸಿ ಕುಡಿಯಿರಿ. ಪರೀಕ್ಷೆಯ ಬಾಟಲಿ ಬೇಕಿದ್ದರೆ ಹತ್ತಿರದ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ತಂದ ದಿನವೇ ತುಂಬಿಸಿ ಇಡಿ, ನಾಳೆಗೆ ಬಿಡಬೇಡಿ.