ಹಿಂದಿನ ಸಾಲು

ಟಕ್. ಮತ್ತೆ ಕೇಳಿಸಿತು.

ಅವನು ಕರಡಚ್ಚಿನ ಹಾಳೆಯಿಂದ ತಲೆಯೆತ್ತಲಿಲ್ಲ. ಎತ್ತಿದರೆ ಕಿಟಕಿಯಾಚೆ ಯಾರೂ ಇರುವುದಿಲ್ಲ. ಎತ್ತದಿದ್ದರೆ, ಹೆಂಡತಿ ಅಲ್ಲಿ ಬಗ್ಗಿ ನಿಂತು ಬಾಡಿದ ಜೀನಿಯಾ ಹೂ ಚಿವುಟುತ್ತಿದ್ದಾಳೆ ಎಂದುಕೊಳ್ಳಬಹುದಿತ್ತು. ಹೀಗೆ ತಲೆ ತಗ್ಗಿಸಿಕೊಂಡೇ ಮೂರು ತಿಂಗಳಿಂದ ದಿನಕ್ಕೆ ಇಪ್ಪತ್ತು ಪುಟ ತಿದ್ದುತ್ತಿದ್ದ. ಪ್ರಕಾಶಕರಿಗೆ ಅವನ ಕೆಲಸ ಬಹಳ ಹಿಡಿಸಿತ್ತು.

ಬೀಜ ಹಾಕಿ, ಮೊಳಕೆ ನೋಡಿ ಅವಳು ಸತ್ತಳು. ಆಮೇಲೆ ಬಿಸಿಲೇರಿತು. ಬೀದಿಯ ತೋಟಗಳೆಲ್ಲ ಕರಕಲಾದವು. ಈ ಗಿಡಗಳು ಮಾತ್ರ ಹಠಕ್ಕೆ ಬಿದ್ದು ಕೆಂಪು, ಕಿತ್ತಳೆ ಅರಳಿಸುತ್ತಲೇ ಹೋದವು.

"ಬಾಡಿದ್ದನ್ನ ಚಿವುಟ್ತಾ ಇರ್ಬೇಕು ಕಣ್ರೀ. ಬೀಜ ಕಟ್ಟಿದ್ರೆ ಗಿಡ ತನ್ನ ಕೆಲಸ ಮುಗೀತು ಅಂದ್ಕೊಂಡು ಹೂ ಬಿಡೋದನ್ನ ನಿಲ್ಸಿಬಿಡುತ್ತೆ" ಎನ್ನುತ್ತಿದ್ದಳು. ಅವನು ದಿನಕ್ಕೆರಡು ಸಲ ಚಿವುಟಿದ. ಹೆಬ್ಬೆರಳ ಉಗುರು ಹಸಿರುಗಟ್ಟಿತ್ತು. ಅವಳಿದ್ದಾಗ ಒಂದು ಚೊಂಬು ನೀರು ಹಾಕಿದವನಲ್ಲ.

ಮಧ್ಯಾಹ್ನ ನಾದಿನಿ ಬಂದಳು. ಕೈಯಲ್ಲಿ ಖಾಲಿ ಲಕೋಟೆ.

"ಕೂತ್ಕೋ."

"ಕೂರಲ್ಲ ಭಾವ. ಬೀಜಕ್ಕೆ ಬಂದೆ. ಅಕ್ಕನ ಗಿಡದ್ದು ಒಂದು ಹಿಡಿ ಕೊಡಿ."

"ಡಬ್ಬಿ ಖಾಲಿ. ಇದ್ದದ್ದನ್ನೆಲ್ಲ ಅವಳೇ ಹಾಕಿದ್ಳು."

"ಗಿಡದಲ್ಲಿ ಇರುತ್ತಲ್ಲ, ಹಿಂದಿನ ಸಾಲಲ್ಲಿ."

ಅವಳೇ ಹೋಗಿ ನೋಡಿದಳು. ಹಿಂದಿನ ಸಾಲೂ ಮುಂದಿನದರಷ್ಟೇ ಅಚ್ಚುಕಟ್ಟಾಗಿತ್ತು.

"ಇದನ್ನೂ ಚಿವುಟಿದೀರಾ? ಅಕ್ಕ ಈ ಸಾಲು ಮುಟ್ತಾನೇ ಇರ್ಲಿಲ್ಲ. ಬೀಜಕ್ಕೆ ಅಂತ ಬಿಡ್ತಿದ್ಳು. ನಿಮಗೆ ಗೊತ್ತಿರ್ಲಿಲ್ವಾ?"

"ಅಂಗಡೀಲಿ ಸಿಗುತ್ತಲ್ಲ."

ಅವಳು ಬಗ್ಗಿ ಸಾಲಿನ ಎಲೆಗಳನ್ನು ಸರಿಸತೊಡಗಿದಳು.

ಅವನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅದೇ ಕಿಟಕಿಯ ಬಳಿ ಕೂತವನು. ಪ್ರತಿ ಬೇಸಿಗೆ ಹಿಂದಿನ ಸಾಲು ಒಣಗಿ ನಿಂತಿದ್ದನ್ನು ಕಂಡು, ಅವಳದ್ದು ಸೋಮಾರಿತನ ಎಂದುಕೊಂಡಿದ್ದ. ಒಮ್ಮೆ ಬಾಯಿಬಿಟ್ಟು ಅಂದೂ ಇದ್ದ. ಅವಳು ನಕ್ಕಿದ್ದಳು. ಅವಳು ಮಗುವಿನ ಮಾತೆತ್ತಿದಾಗಲೆಲ್ಲ ಅವನು "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದ. ಕೊನೆಕೊನೆಗೆ ಅದಕ್ಕೂ ಹಾಗೆಯೇ ನಗುತ್ತಿದ್ದಳು. ಆಮೇಲೆ ಆ ಮಾತೆತ್ತುವುದನ್ನೇ ಬಿಟ್ಟಳು.

"ಇದೊಂದು ಉಳಿದಿದೆ!" ನಾದಿನಿ ಎಲೆಗಳ ಮರೆಯಲ್ಲಿ ಕಂದಿದ ಹೂವೊಂದನ್ನು ಹಿಡಿದಿದ್ದಳು. "ಒಳಗಿನ್ನೂ ಹಸಿ. ನಾಲ್ಕು ದಿನ ಒಣಗ್ಲಿ. ಬೇರೆಯವು ಬಲಿಯೋಕೆ ತಿಂಗಳು ಬೇಕು, ಅಷ್ಟರಲ್ಲಿ ಮಳೆ ಹಿಡಿದು ಎಲ್ಲಾ ಕೊಳೆತು ಹೋಗುತ್ತೆ." ಚೀಲದ ಅಂಚಿನಿಂದ ಬಿಳಿ ದಾರವೊಂದನ್ನು ಎಳೆದು ಹೂವಿನ ಕುತ್ತಿಗೆಗೆ ಕಟ್ಟಿದಳು. "ದಾರ ಕಟ್ಟಿದ್ದನ್ನ ಮಾತ್ರ ಮುಟ್ಬೇಡಿ ಭಾವ."

"ಮುಟ್ಟಲ್ಲ."

"ಅಕ್ಕಂದು ಅಂತ ಇನ್ನು ಇರೋದು ಇಷ್ಟೇ."

ಅವಳು ಹೋದ ಮೇಲೆ ಅವನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಕಾಯುವುದಕ್ಕೆ ನಾಲ್ಕು ದಿನ ಸಿಕ್ಕಿತ್ತು. ಸಂಜೆಯೊಳಗೆ ಮೂರು ಸಲ ಹೋಗಿ ದಾರ ನೋಡಿ ಬಂದ.

ಬಿಸಿಲಿಳಿದಾಗ ನೀರು ಹಾಕಲು ನಿಂತ. ಮಣ್ಣಿನಿಂದ ಹಬೆ ಎದ್ದಿತು. ಟಕ್. ತೀರ ಹತ್ತಿರದಲ್ಲೇ. ಅವನು ಕತ್ತು ಹೊರಳಿಸಲಿಲ್ಲ. ಇವತ್ತು ಭಯವಾಗಲಿಲ್ಲ, ಹೆಂಡತಿಗೆ ಹೇಳಲು ಒಂದು ಮಾತಿತ್ತು. ಟಕ್. ಟಕ್. ಸಾಲಿನುದ್ದಕ್ಕೂ ಅವಳು ಅವನ ಜೊತೆಜೊತೆಗೇ ಬರುತ್ತಿದ್ದಳು.

"ನಿನ್ನ ಸಾಲಲ್ಲಿ ಒಂದನ್ನ ಬಿಟ್ಟಿದೀನಿ ಕಣೇ" ಎಂದ, ಗಟ್ಟಿಯಾಗಿ.

ಟಕ್.

ಅಂಗೈಯಲ್ಲಿ ಏನೋ ಕಚಗುಳಿಯಿಟ್ಟಿತು. ನೋಡಿದ. ತನಗರಿವಿಲ್ಲದೆ ಚಿವುಟುತ್ತ ಬಂದ ಹೂಗಳ ನಡುವೆ ಬಿಳಿ ದಾರ. ಗಂಟು ಸಡಿಲವಾಗಿರಲಿಲ್ಲ. ಉಗುರಿನಿಂದ ಹೂವನ್ನು ಬಿಡಿಸಿದ. ಎಳೆಯ ಹಸಿರು ಬೀಜಗಳು ಬೆರಳ ತುದಿಗೆ ನೀರಾದವು.

ಎದುರಿಗೆ ಎರಡೂ ಸಾಲುಗಳಲ್ಲಿ ನಾಳೆ ಅರಳುವ ಮೊಗ್ಗುಗಳು ತುಂಬಿ ನಿಂತಿದ್ದವು. ಅವನ ಹೆಬ್ಬೆರಳು ಆಗಲೇ ಮುಂದಿನ ಗಿಡದ ಬಾಡಿದ ಹೂವಿನ ಮೇಲಿತ್ತು.