ಹುಣ್ಣಿಮೆಯ ರಜೆ

"ಈ ಶಾಲು ಹೊದ್ಕೊಳ್ಳೇ. ಗಾಯದ ಪಟ್ಟಿ ಕಾಣ್ತಿದೆ," ಎಂದು ಪಾಠಕ್ಕೆ ಜೊತೆಯಾಗಿ ಬರುತ್ತಿದ್ದ ಗೆಳತಿ ಸಿದ್ರಾ ತನ್ನ ಶಾಲನ್ನೇ ತೆಗೆದು ಲೂದಿವಿನಾಳ ತೋಳಿನ ಮೇಲೆ ಹಾಕಿದಳು.

ಸೆಕೆಗೆ ಚರ್ಚಿನ ಸಭಾಂಗಣ ಬೇಯುತ್ತಿತ್ತು. ಬೆಂಚುಗಳಲ್ಲಿ ಮದುವೆಗೆ ಹೆಸರು ಕೊಟ್ಟ ಏಳು ಜೋಡಿಗಳು. ಈ ಪಾಠ ಕೇಳದೆ ಫಾದರ್ ಎಲಿಯಾಸ್ ಯಾರಿಗೂ ಮದುವೆ ಮಾಡಿಸುವುದಿಲ್ಲ. ಬಸಿರು ನಿಲ್ಲುವ ದಿನಗಳಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ, ಆ ದಿನ ದೂರ ಇರಿ, ಚರ್ಚು ಒಪ್ಪುವ ದಾರಿ ಇದೊಂದೇ ಎಂದು ಲೂದಿವಿನಾ ಹನ್ನೆರಡು ವರ್ಷದಿಂದ ಹೇಳಿಕೊಡುತ್ತಿದ್ದಳು. ಹೇಳಿಕೊಡುವವಳಿಗೇ ಆರು ಮಕ್ಕಳು. ಮೀನು ಮಾರುಕಟ್ಟೆಯಲ್ಲಿ ಹೆಂಗಸರು ಇದಕ್ಕೆ ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

ತಪ್ಪು ಕ್ಯಾಲೆಂಡರಿನದಲ್ಲ, ಚಂದ್ರನದು. ಗಂಡ ಕಸಿಯಾನೋ ದೀಪದ ದೋಣಿಯವನು. ಕತ್ತಲಲ್ಲಿ ದೀಪ ತೋರಿಸಿ ಮೀನು ಕರೆಯುವ ಕಸುಬು. ಬೆಳದಿಂಗಳಿಗೆ ಮೀನು ಬರುವುದಿಲ್ಲ. ಹಾಗಾಗಿ ತಿಂಗಳಿಗೆ ಐದೇ ದಿನ, ಹುಣ್ಣಿಮೆಯ ಆಚೀಚೆ ಮನೆಗೆ ಬರುತ್ತಿದ್ದ. ಲೂದಿವಿನಾಳ ಕೆಂಪು ದಿನಗಳೂ ಹಠ ಹಿಡಿದಂತೆ ಆಗಲೇ ಬರುತ್ತಿದ್ದವು. ಆರನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಇನ್ನೊಂದಾದರೆ ನೀನು ಉಳಿಯೋದು ಕಷ್ಟ ಎಂದಿದ್ದಳು ನರ್ಸ್. ಮೊನ್ನೆ ಗುರುವಾರ ಲೂದಿವಿನಾ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಸಿರು ತಡೆಯುವ ಕಡ್ಡಿಯನ್ನು ತೋಳಿನ ಚರ್ಮದಡಿ ಇಡಿಸಿಕೊಂಡು ಬಂದಿದ್ದಳು.

ಪಾಠ ಮುಗಿಯುವ ಹೊತ್ತಿಗೆ ಮದುವಣಗಿತ್ತಿಯೊಬ್ಬಳು, ಪುರಿಂಗ್, ಕೈ ಎತ್ತಿದಳು. "ಅಕ್ಕಾ, ಇವ್ನೂ ದೀಪದ ದೋಣಿಯವ್ನೇ. ಇವ್ನು ಬರೋ ದಿನಾನೇ ಕೆಂಪು ಬಿದ್ರೆ ಏನ್ ಮಾಡ್ಲಿ? ಚಂದ್ರನ್ನ ಬೈಲಾ?"

ಎಲ್ಲರೂ ನಕ್ಕರು. ಇಂಥ ಪ್ರಶ್ನೆಗೆ ಲೂದಿವಿನಾ ಯಾವಾಗಲೂ ಕೊಡುತ್ತಿದ್ದ ಉತ್ತರ ಒಂದೇ: ಪ್ರಾರ್ಥನೆ ಮಾಡಿ. ಇಂದು ಈ ಹುಡುಗಿಗೆ ಆ ಸುಳ್ಳು ಹೇಳಲು ಅವಳಿಗೆ ನಾಚಿಕೆಯಾಯಿತು. ಶಾಲು ತೆಗೆದು ಮಡಚಿ ಸಿದ್ರಾಳ ಕೈಗೆ ಕೊಟ್ಟಳು.

"ನೋಡವ್ವಾ, ನಾನು ಹೇಳ್ಕೊಟ್ಟಿದ್ದು ಚರ್ಚಿನ ಮಾತು. ನಾನು ಮಾಡಿದ್ದು ಇದು," ಎಂದು ತೋಳಿನ ಪಟ್ಟಿ ತೋರಿಸಿದಳು. "ಎರಡೂ ನಿಂಗೆ ಗೊತ್ತಿರ್ಲಿ."

ಗುಟ್ಟನ್ನು ಎಲ್ಲರೆದುರು ಹೇಳಿಬಿಟ್ಟಳಲ್ಲ ಎಂದು ಸಿದ್ರಾ ಶಿಲುಬೆಯ ಗುರುತು ಮಾಡಿಕೊಂಡು ನೇರ ಫಾದರ್ ಮನೆಗೆ ಓಡಿದಳು.

ಫಾದರ್ ಎಲಿಯಾಸ್ ಕೂಗಾಡುವವರಲ್ಲ. ಲೂದಿವಿನಾಳನ್ನು ಕರೆಸಿ ಜಗಲಿಯಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. "ದೂರ ಇರೋದೂ ಪ್ರೀತಿನೇ ಅಲ್ವಾ, ಲೂದಿ? ಐದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?"

"ನಿಮಗೆ ಅದು ಐದು ದಿನ, ಫಾದರ್. ನಮಗೆ ಅದೇ ಸಂಸಾರ. ಸತ್ರೆ ನೀವೇ ಚೆನ್ನಾಗಿ ಪೂಜೆ ಮಾಡಿ ಮಣ್ಣು ಮಾಡ್ತೀರ, ನಂಗೊತ್ತು. ಆರು ಮಕ್ಕಳಿಗೆ ಗಂಜಿ ಯಾರು ಬೇಯಿಸ್ತಾರೆ?"

ಫಾದರ್ ಎದ್ದು ನಿಂತರು. "ಅದನ್ನ ತೆಗೆಸು. ಪಾಪನಿವೇದನೆ ಮಾಡ್ಕೊ. ಅಲ್ಲೀವರೆಗೂ ಪೂಜೆಲಿ ಪ್ರಸಾದದ ರೊಟ್ಟಿಗೆ ಬರಬೇಡ."

"ತಪ್ಪು ಅಂತ ಅನ್ನಿಸ್ದೇ ಇರೋದನ್ನ ತಪ್ಪು ಅಂತ ನಿವೇದನೆ ಮಾಡಿದ್ರೆ, ಅದು ಸುಳ್ಳಾಗುತ್ತೆ ಫಾದರ್."

ಭಾನುವಾರ ಅವಳು ತೋಳಿಲ್ಲದ ಹಳದಿ ಫ್ರಾಕು ತೊಟ್ಟು ಬಂದಳು. ಪ್ರಸಾದಕ್ಕೆ ಎರಡು ಸಾಲು. ಒಂದರ ತುದಿಯಲ್ಲಿ ಫಾದರ್, ಇನ್ನೊಂದರಲ್ಲಿ ಅವರ ಸಹಾಯಕ. ಅವಳು ಫಾದರ್ ಸಾಲಿನಲ್ಲೇ ನಿಂತಳು. ಈ ರೊಟ್ಟಿಯ ಚೂರಿಲ್ಲದೆ ಅವಳು ಒಂದು ಭಾನುವಾರವನ್ನೂ ಕಳೆದವಳಲ್ಲ. ಸರದಿ ಬಂದಾಗ ಎರಡೂ ಅಂಗೈ ಚಾಚಿದಳು. ಫಾದರ್ ಕೈ ಪಾತ್ರೆಯ ಮೇಲೆ ನಿಂತುಬಿಟ್ಟಿತು.

"ನಾನು ಇಲ್ಲೇ ಇರ್ತೀನಿ, ಫಾದರ್," ಎಂದಳು ಮೆಲ್ಲಗೆ.

ಪಕ್ಕದ ಸಾಲು ಕರಗಿ ಖಾಲಿಯಾಯಿತು. ಸಹಾಯಕ ಇತ್ತ ಬನ್ನಿ ಎಂದು ಕೈಸನ್ನೆ ಮಾಡಿದ. ಲೂದಿವಿನಾಳ ಬೆನ್ನಿಗೆ ಪುರಿಂಗ್ ಇದ್ದಳು, ಅವಳ ಹಿಂದೆ ದೋಣಿಯವರ ಹೆಂಡಂದಿರು, ಕಂಕುಳಲ್ಲಿ ಕೂಸುಗಳು. ಯಾರೂ ಆ ಸಾಲಿಗೆ ಹೋಗಲಿಲ್ಲ.